ಹೇಮಾವತಿ ಹಿನ್ನೀರಿಗೆ ಎಂಥ ಗಾಳದ ಕೋಲು?

ಗಾಳದ ಕೋಲುಗಳಲ್ಲಿ ಕಾಯುವ ಕೋಲು ಬೇರೆ, ಆಡಿಸುವ ಕೋಲು ಬೇರೆ. ರಾಗಿ ಮುದ್ದೆಯನ್ನೋ ಎರೆಹುಳುವನ್ನೋ ಕೊಕ್ಕೆಗೆ ಸಿಕ್ಕಿಸಿ, ಬೆಂಡು ತೇಲಿಬಿಟ್ಟು, ದಡದಲ್ಲಿ ನೆಟ್ಟ ಕವೆಗೆ ಒರಗಿಸಿಡುವುದು ಕಾಯುವ ಕೋಲು. ಮೀನು ಕಚ್ಚಿದ ಮೇಲಷ್ಟೇ ಅದಕ್ಕೆ ಕೆಲಸ. ಜಿಗ್ ಮತ್ತು ಮೆದು ಪ್ಲಾಸ್ಟಿಕ್ಕಿನ ಹುಸಿ ಎರೆಗಳಿಗೆ ಬೇಕಾದದ್ದು ಆಡಿಸುವ ಕೋಲು. ಈ ಎರೆಗಳಿಗೆ ಸ್ವಂತ ಜೀವವಿಲ್ಲ. ಕೋಲಿನ ತುದಿ ಅಲುಗಿದಾಗ ಅವು ಕುಪ್ಪಳಿಸುತ್ತವೆ, ಈಜುತ್ತವೆ. ನೀರಿನ ಅಡಿಯಲ್ಲಿ ಏನಾಗುತ್ತಿದೆ ಎಂಬ ಸುದ್ದಿಯೂ ಅದೇ ಕೋಲಿನಲ್ಲಿ ಹರಿದು ಕೈಗೆ ಬರಬೇಕು. ಎಷ್ಟು ದೊಡ್ಡ ಮೀನು ಹಿಡಿಯಬೇಕು ಎಂದು ಲೆಕ್ಕಹಾಕಿ ಕೋಲು ಕೊಳ್ಳುವವರು ಎಡವುವುದು ಇಲ್ಲೇ. ನೋಡಬೇಕಾದದ್ದು ಮೂರು ಸಂಗತಿ: ಎಸೆಯುವ ಎರೆಯ ತೂಕ, ಮೀನು ಅಡಗುವ ಜಾಗ, ಮೀನಿನ ಬಾಯಿಯ ಗಡಸು.

ನೀರು ಮತ್ತು ಮೀನು

ಅಂಗಡಿಗಳಲ್ಲಿ ಇಂಥ ಕೋಲುಗಳನ್ನು ಸಾಮಾನ್ಯವಾಗಿ ‘ಬಾಸ್ ರಾಡ್’ ಎನ್ನುತ್ತಾರೆ. ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಸಕಲೇಶಪುರ, ಆಲೂರು ಸೀಮೆಯ ನೀರಿಗೆ ಸೇರಿದ್ದಲ್ಲ. ಅದರ ಹಾಗೆಯೇ ಕಳೆಯ ಮರೆಯಲ್ಲಿ ಹೊಂಚು ಹಾಕಿ ಬೇಟೆಯಾಡುವ ಮೀನು ಇಲ್ಲಿಯೂ ಇದೆ. ಅದು ಮರಲ್; ಕೊರವ ಎಂಬ ಹೆಸರೂ ಅದಕ್ಕಿದೆ. ಹಾವಿನಂಥ ಚಪ್ಪಟೆ ತಲೆ, ಉರುಟಾದ ಉದ್ದ ಮೈ, ಹಲ್ಲು ತುಂಬಿದ ಗಟ್ಟಿ ದವಡೆ ಇದರ ಗುರುತು. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇರುವುದರಿಂದ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಹೀರಿ ಮತ್ತೆ ಮುಳುಗುತ್ತದೆ. ಗಾಳಿ ಬೀಸದ ಮುಂಜಾನೆಯಲ್ಲಿ ಆ ಸದ್ದೇ ಮೀನಿನ ಜಾಗವನ್ನು ತೋರಿಸಿಕೊಡುತ್ತದೆ. ಕಪ್ಪೆ, ಸಣ್ಣ ಮೀನು, ಸೀಗಡಿ ಅದರ ಆಹಾರ. ಹಿನ್ನೀರಿನ ಆಳದಲ್ಲಿ ಓಡಾಡುವ ಬಾಳೆ ಮೀನೂ ಬೇಟೆಗಾರ ಜಾತಿಯದೇ.

ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ಪಟ್ಟಣವನ್ನು ಹಾದು ಗೊರೂರಿನತ್ತ ಹರಿಯುತ್ತದೆ. ಅಲ್ಲಿ 1979ರಲ್ಲಿ ಮುಗಿದ ಅಣೆಕಟ್ಟು 58.5 ಮೀಟರ್ ಎತ್ತರ, 4,692 ಮೀಟರ್ ಉದ್ದ ಇದೆ. ನದಿ ಹರಿಯುವಲ್ಲಿ ಬಂಡೆ, ಮರಳು, ಸೆಳವು. ಹಿನ್ನೀರಿನಲ್ಲಿ ಹಳೆಯ ಗದ್ದೆ ಬಯಲು, ಮುಳುಗಿದ ಮರದ ಬೊಡ್ಡೆ, ಕೆಸರು. ಕೆರೆಗಳಲ್ಲಿ ತಾವರೆ, ಜೊಂಡು, ನೀರಿನ ಕಳೆ. ಒಂದೇ ದಿನದಲ್ಲಿ ಮೂರು ಬಗೆಯ ನೀರನ್ನು ನೋಡಬಹುದಾದ ಈ ಸೀಮೆಯಲ್ಲಿ ಕೋಲಿನ ಆಯ್ಕೆಯನ್ನು ಮೀನಿಗಿಂತ ಹೆಚ್ಚಾಗಿ ಅಡಿಯ ನೆಲ ನಿರ್ಧರಿಸುತ್ತದೆ.

ಎರೆಯ ಸ್ವಭಾವ

ಕೊಕ್ಕೆಯ ಕುತ್ತಿಗೆಗೆ ಸೀಸದ ಗುಂಡನ್ನು ಎರಕ ಹೊಯ್ದರೆ ಅದು ಜಿಗ್. ತಲೆ ಭಾರವಾದ್ದರಿಂದ ಎಳೆದಾಗ ಏಳುತ್ತದೆ, ಬಿಟ್ಟಾಗ ಮುಗ್ಗರಿಸಿ ಬೀಳುತ್ತದೆ. ಕೆಲವು ಜಿಗ್‌ಗಳಿಗೆ ರಬ್ಬರ್ ಎಳೆಗಳ ಲಂಗವನ್ನೂ, ಕಳೆ ಸಿಕ್ಕಿಕೊಳ್ಳದಂತೆ ಕೊಕ್ಕೆಯ ಮುಂದೆ ಕುಚ್ಚಿನಂಥ ತಡೆಯನ್ನೂ ಜೋಡಿಸಿರುತ್ತಾರೆ. ಮೆದು ಪ್ಲಾಸ್ಟಿಕ್ ಎರೆ ಎಂದರೆ ಹುಳು, ಕಪ್ಪೆ, ಸಣ್ಣ ಮೀನು, ಸೀಗಡಿಯ ಆಕಾರದಲ್ಲಿ ಅಚ್ಚು ಹಾಕಿದ, ಬೆರಳಲ್ಲಿ ಬಾಗುವ ಬೊಂಬೆ. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು 1949ರಲ್ಲಿ ರೂಪಿಸಿದ ಪ್ಲಾಸ್ಟಿಕ್ ಹುಳುವಿನಿಂದ ಈ ಎರೆಗಳ ಬಳಕೆ ಹಬ್ಬಿತು.

ಕಳೆ ತುಂಬಿದ ನೀರಿಗೆ ಮೆದು ಪ್ಲಾಸ್ಟಿಕ್ ಎರೆಯನ್ನು ಕಟ್ಟುವ ವಿಧಾನವೊಂದಿದೆ; ‘ಟೆಕ್ಸಾಸ್ ರಿಗ್’ ಎಂದು ಅದರ ಹೆಸರು. ದಾರದಲ್ಲಿ ಗುಂಡಿನಾಕಾರದ ಸೀಸ, ಅದರ ಹಿಂದೆ ಕೊಕ್ಕೆ. ಕೊಕ್ಕೆಯ ಮೊನೆ ಹೊರಗೆ ಕಾಣದಂತೆ ಪ್ಲಾಸ್ಟಿಕ್ಕಿನೊಳಗೇ ಹುದುಗಿರುತ್ತದೆ. ಮೊನೆ ಮುಚ್ಚಿರುವುದರಿಂದ ಎರೆ ಜೊಂಡಿನ ನಡುವೆ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿದಾಗ ಮಾತ್ರ ಅದೇ ಮೊನೆ ಮೊದಲು ಪ್ಲಾಸ್ಟಿಕ್ಕನ್ನು ಸೀಳಿ, ಆಮೇಲೆ ಮರಲ್‌ನ ಎಲುಬಿನ ದವಡೆಗೆ ಇಳಿಯಬೇಕು. ಈ ಎರಡು ಕೆಲಸವನ್ನು ಒಂದೇ ಜಗ್ಗಿನಲ್ಲಿ ಮಾಡಿಸುವುದು ಕೋಲಿನ ಬಲ.

ಹಣೆಬರಹ ಓದುವ ಬಗೆ

ಸಾಮಾನ್ಯವಾಗಿ ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಅದರ ಉದ್ದ, ಪವರ್, ಆಕ್ಷನ್, ಎರೆಯ ತೂಕ, ದಾರದ ಬಲವನ್ನು ಬರೆದಿರುತ್ತಾರೆ. ಇವುಗಳಲ್ಲಿ ಪವರ್ ಮತ್ತು ಆಕ್ಷನ್ ಒಂದೇ ಎಂದು ಅನೇಕರು ತಿಳಿದಿರುತ್ತಾರೆ, ಅವು ಒಂದಲ್ಲ.

ಪವರ್ ಎಂದರೆ ಕೋಲನ್ನು ಬಾಗಿಸಲು ಎಷ್ಟು ಶಕ್ತಿ ಬೇಕು ಎಂಬ ಅಳತೆ. ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಅದರ ಮೆಟ್ಟಿಲುಗಳು. ಆಕ್ಷನ್ ಎಂದರೆ ಕೋಲು ಎಲ್ಲಿ ಬಾಗುತ್ತದೆ ಎಂಬುದು. ಫಾಸ್ಟ್ ಕೋಲು ತುದಿಯ ಮೂರನೇ ಒಂದು ಪಾಲಿನಲ್ಲಷ್ಟೇ ಬಾಗುತ್ತದೆ. ಮಾಡರೇಟ್ ಕೋಲು ಅರ್ಧದವರೆಗೆ. ಸ್ಲೋ ಕೋಲು ಹಿಡಿಯ ತನಕ ಕಮಾನಾಗುತ್ತದೆ. ಜಿಗ್ ಮತ್ತು ಮೆದು ಪ್ಲಾಸ್ಟಿಕ್ಕಿಗೆ ಫಾಸ್ಟ್ ಆಕ್ಷನ್ ಹೊಂದುತ್ತದೆ. ತುದಿ ಚುರುಕಾಗಿದ್ದರೆ ಎರೆಯನ್ನು ಒಂದೊಂದೇ ಗೇಣು ಕುಣಿಸಬಹುದು. ಬುಡ ಗಡುಸಾಗಿದ್ದರೆ ಕೈಯ ಜಗ್ಗು ಕೋಲಿನ ಬಾಗುವಿಕೆಯಲ್ಲಿ ಕರಗದೆ ಕೊಕ್ಕೆಯನ್ನು ಮುಟ್ಟುತ್ತದೆ.

ಎರೆಯ ತೂಕ ಹೆಚ್ಚಾಗಿ ಔನ್ಸ್‌ನಲ್ಲಿರುತ್ತದೆ. ಒಂದು ಔನ್ಸ್ ಸುಮಾರು 28 ಗ್ರಾಂ. ಕಾಲು ಔನ್ಸ್ 7 ಗ್ರಾಂ. ಅರ್ಧ ಔನ್ಸ್ 14 ಗ್ರಾಂ. ಕೋಲು ತನ್ನ ಸ್ಪ್ರಿಂಗಿನಿಂದಲೇ ಎರೆಯನ್ನು ಎಸೆಯುತ್ತದೆ. ಕೈ ಹಿಂದೆ ಹೋದಾಗ ಎರೆಯ ಭಾರಕ್ಕೆ ತುದಿ ಬಾಗಬೇಕು, ಮುಂದೆ ಬಂದಾಗ ಆ ಬಾಗು ಬಿಚ್ಚಿಕೊಳ್ಳಬೇಕು. ಎರೆ ತೀರ ಹಗುರವಾದರೆ ತುದಿ ಬಾಗುವುದೇ ಇಲ್ಲ, ಎಸೆತ ಹತ್ತು ಮಾರು ದೂರದಲ್ಲೇ ಬೀಳುತ್ತದೆ. ತೀರ ಭಾರವಾದರೆ ಕೋಲು ಸೀಳುವ ಅಪಾಯ. ಈ ತೂಕ ಲೆಕ್ಕ ಹಾಕುವಾಗ ಪ್ಲಾಸ್ಟಿಕ್ಕಿನ ಭಾರವನ್ನು ಮರೆಯುವುದು ಸಾಮಾನ್ಯ ತಪ್ಪು. 7 ಗ್ರಾಂ ಸೀಸದ ತಲೆಗೆ 5 ಗ್ರಾಂ ಪ್ಲಾಸ್ಟಿಕ್ ಮೀನು ಪೋಣಿಸಿದರೆ ಕೋಲಿನ ಪಾಲಿಗೆ ಅದು 12 ಗ್ರಾಂ.

ಉದ್ದ ಅಡಿ–ಅಂಗುಲದಲ್ಲಿರುತ್ತದೆ. ಉದ್ದದ ಕೋಲು ದೂರ ಎಸೆಯುತ್ತದೆ, ಸಡಿಲ ದಾರವನ್ನು ಒಮ್ಮೆಗೇ ಹೆಚ್ಚು ಎಳೆದುಕೊಳ್ಳುತ್ತದೆ. ಗಿಡ್ಡ ಕೋಲು ಗುರಿ ತಪ್ಪುವುದಿಲ್ಲ, ಮರದ ಕೊಂಬೆಗಳ ಕೆಳಗೆ ಆಡಿಸಲು ಸಲೀಸು. ತೆರೆದ ಹಿನ್ನೀರಿನ ದಡಕ್ಕೆ 7 ಅಡಿ, ಎಂದರೆ 213 ಸೆಂಟಿಮೀಟರ್, ಹಿತವಾದ ಉದ್ದ. ಹೊಳೆದಂಡೆಯ ವಾಟೆ ಮೆಳೆಗಳ ನಡುವೆ, ತೋಟದ ಕೆರೆಯ ಏರಿಯ ಮೇಲೆ ನಿಲ್ಲುವವರಿಗೆ ಆರೂವರೆ ಅಡಿ ಸಾಕು.

ಎರಡು ಲೆಕ್ಕ

ಇದನ್ನೆಲ್ಲ ಕೂಡಿಸಿದರೆ ಈ ಸೀಮೆಗೆ ಎರಡು ಬಗೆಯ ಕೋಲು ಸಿದ್ಧವಾಗುತ್ತದೆ. ಮೊದಲನೆಯದು ತೆರೆದ ನೀರಿಗೆ: ಆರೂವರೆಯಿಂದ 7 ಅಡಿಯ, ಮೀಡಿಯಂ ಪವರ್, ಫಾಸ್ಟ್ ಆಕ್ಷನ್, 5ರಿಂದ 20 ಗ್ರಾಂ ಎರೆ ಎಸೆಯುವ ಸ್ಪಿನ್ನಿಂಗ್ ಕೋಲು, ಎಂದರೆ ರೀಲು ಕೆಳಗೆ ತೂಗುವ ಕೋಲು. ಸಣ್ಣ ಜಿಗ್, ಬೆರಳುದ್ದದ ಪ್ಲಾಸ್ಟಿಕ್ ಮೀನು, ಬಂಡೆ–ಮರಳಿನ ಅಡಿ ಇದಕ್ಕೆ ಸರಿ. ಎರಡನೆಯದು ಕಳೆಯ ನೀರಿಗೆ: 7 ಅಡಿಯ, ಮೀಡಿಯಂ ಹೆವಿ ಪವರ್, ಫಾಸ್ಟ್ ಆಕ್ಷನ್, 10ರಿಂದ 28 ಗ್ರಾಂ ಎಸೆಯುವ ಕೋಲು. ಟೆಕ್ಸಾಸ್ ರಿಗ್, ಲಂಗದ ಜಿಗ್, ಕಳೆಯ ಮೇಲೆ ಎಳೆಯುವ ಟೊಳ್ಳು ಕಪ್ಪೆಯಾಕಾರದ ಎರೆ ಇದರ ಪಾಲು. ತಾವರೆ ದಂಟುಗಳ ನಡುವೆ ಕಚ್ಚಿದ ಮರಲ್ ಮೊದಲ ಕ್ಷಣದಲ್ಲೇ ಬೇರಿನತ್ತ ತಿರುಗುತ್ತದೆ. ಆಗ ತಲೆಯನ್ನು ಮೇಲಕ್ಕೆ ತಿರುಗಿಸುವಷ್ಟು ಬಲ ಕೋಲಿಗೆ ಇರಬೇಕು. ಒಂದೇ ಕೋಲು ಕೊಳ್ಳಬಲ್ಲವರಿಗೆ ಎರಡನೆಯದೇ ಮೇಲು. ಬಲವುಳ್ಳ ಕೋಲಿನಲ್ಲಿ ತೆರೆದ ನೀರಿನಲ್ಲಿಯೂ ಹೇಗೋ ಮೀನು ಹಿಡಿಯಬಹುದು, ಮೆತ್ತನೆಯ ಕೋಲಿನಲ್ಲಿ ಕಳೆಯೊಳಗಿನ ಮೀನು ಕೈಗೆ ಬರುವುದಿಲ್ಲ.

ದಾರವೂ ಇದರ ಜೊತೆಗೇ ತೀರ್ಮಾನವಾಗಬೇಕು. ನೈಲಾನ್ ದಾರ ಎಳೆದಾಗ ಹಿಗ್ಗುತ್ತದೆ. ಮೂವತ್ತು ಮೀಟರ್ ದೂರದ ಕೊಕ್ಕೆಗೆ ಜಗ್ಗು ಮುಟ್ಟುವಷ್ಟರಲ್ಲಿ ಸಾಕಷ್ಟು ಬಲ ಸೋರಿರುತ್ತದೆ. ಹೆಣೆದ ಬ್ರೇಡ್ ದಾರ ಹಿಗ್ಗುವುದು ತೀರ ಕಡಿಮೆ, ಕಳೆಯ ದಂಟನ್ನೂ ಕುಯ್ದುಕೊಂಡು ಬರುತ್ತದೆ. ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಹೊಳೆಯಲ್ಲಿ ಬ್ರೇಡಿನ ತುದಿಗೆ ಒಂದು ಮಾರು ದಪ್ಪ ನೈಲಾನ್ ಕಟ್ಟಿಕೊಳ್ಳುವುದು ಇದೇ ಕಾರಣಕ್ಕೆ.

ಕಾರ್ಬನ್, ಗ್ಲಾಸ್, ಉಂಗುರ, ರೀಲು

ಕಾರ್ಬನ್ ನಾರಿನ ಕೋಲು ಹಗುರ, ಬಿರುಸು. ಅಡಿಯ ಸಣ್ಣ ಸಣ್ಣ ತಾಕನ್ನೂ ಅದು ಕೈಗೆ ತಂದು ಮುಟ್ಟಿಸುತ್ತದೆ. ಗ್ಲಾಸ್ ಫೈಬರ್ ಭಾರ, ಮೆತ್ತಗೆ; ಒರಟು ಬಳಕೆಯನ್ನು ತಡೆಯುತ್ತದೆ, ಸುದ್ದಿ ಮುಟ್ಟಿಸುವುದರಲ್ಲಿ ಹಿಂದೆ. ಎರಡನ್ನೂ ಬೆರೆಸಿದ ಕೋಲುಗಳೂ ಸಿಗುತ್ತವೆ. ಜಿಗ್‌ಗೆ ಕಾರ್ಬನ್ನೇ ಯಾಕೆ ಎಂಬುದು ದಡದಲ್ಲಿ ನಿಂತರೆ ತಿಳಿಯುತ್ತದೆ. ಜಿಗ್ ಕೆಸರಿನ ಮೇಲೆ ಬಂದರೆ ಕೈಗೆ ಬರಿಯ ಭಾರ. ಕಲ್ಲಿನ ಮೇಲೆ ಬಂದರೆ ಟಕ್ ಟಕ್ ಎಂಬ ಒಣ ತಾಕು. ಜೊಂಡಿಗೆ ತಗುಲಿದರೆ ಎಳೆದಷ್ಟೂ ಬಿಗಿಯಾಗುವ, ಜೀವವಿಲ್ಲದ ಜಗ್ಗು. ಮೀನು ಬಾಯಿ ಹಾಕಿದರೆ, ಹೆಚ್ಚಾಗಿ ಎರೆ ಕೆಳಗಿಳಿಯುತ್ತಿರುವಾಗಲೇ, ಒಂದೇ ಒಂದು ಟಪ್. ಅಥವಾ ಬಿಗಿಯಾಗಿದ್ದ ದಾರ ಇದ್ದಕ್ಕಿದ್ದಂತೆ ಸಡಿಲ. ಈ ವ್ಯತ್ಯಾಸವನ್ನು ತೋರಿಸಿಕೊಡದ ಕೋಲಿನಲ್ಲಿ ಎಷ್ಟೋ ಕಚ್ಚು ಗೊತ್ತೇ ಆಗದೆ ಹೋಗಬಹುದು.

ಕಾರ್ಬನ್ನಿಗೆ ಒಂದು ಅಪಾಯಕರ ಗುಣವಿದೆ: ಅದರಲ್ಲಿ ವಿದ್ಯುತ್ ಹರಿಯುತ್ತದೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗುಲಿ ಆಗುವ ಅನಾಹುತ ಕಾಫಿ ತೋಟದವರಿಗೆ ಹೊಸದಲ್ಲ. 7 ಅಡಿಯ ಕಾರ್ಬನ್ ಕೋಲನ್ನೂ ಅದೇ ಎಚ್ಚರದಿಂದ ಹಿಡಿಯಬೇಕು. ತಂತಿಯ ಕೆಳಗೆ ಎಸೆಯಬಾರದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲೇ ಕೋಲನ್ನು ಮಡಚಿಡಬೇಕು.

ದಾರ ಹಾಯುವ ಉಂಗುರಗಳ ಒಳಗೆ ಪಿಂಗಾಣಿಯಂಥ ನುಣುಪು ಬಳೆಯಿರಬೇಕು. ಬರಿಯ ಕಬ್ಬಿಣದ ಅಗ್ಗದ ಉಂಗುರವಾದರೆ ಬ್ರೇಡ್ ದಾರ ಅದರಲ್ಲಿ ಗೀರು ಕೊರೆಯುತ್ತದೆ, ಆ ಗೀರು ತಿರುಗಿ ದಾರವನ್ನೇ ಕುಯ್ಯುತ್ತದೆ.

ರೀಲು ಕೋಲಿನ ಕೆಳಗೆ ತೂಗುವುದು ಸ್ಪಿನ್ನಿಂಗ್, ಮೇಲೆ ಕೂರುವುದು ಬೇಟ್‌ಕಾಸ್ಟಿಂಗ್. ಸ್ಪಿನ್ನಿಂಗ್ ಕಲಿಯಲು ಸುಲಭ, ಹಗುರ ಎರೆಗೆ ಒಳ್ಳೆಯದು. ಬೇಟ್‌ಕಾಸ್ಟಿಂಗ್ ಭಾರದ ಎರೆಗೆ, ದಪ್ಪ ದಾರಕ್ಕೆ, ನಿಖರ ಗುರಿಗೆ ಮೇಲು. ಹೆಬ್ಬೆರಳಿನ ಹಿಡಿತ ಪಳಗುವವರೆಗೆ ಸುರುಳಿ ಗೋಜಲಾಗುತ್ತದೆ. ಎರಡರ ಕೋಲೂ ಬೇರೆ ಬೇರೆ. ಸ್ಪಿನ್ನಿಂಗ್ ಕೋಲಿನ ಮೊದಲ ಉಂಗುರ ಅಗಲ. ಬೇಟ್‌ಕಾಸ್ಟಿಂಗ್ ಕೋಲಿನ ಉಂಗುರಗಳು ಸಣ್ಣವು, ಹಿಡಿಯ ಕೆಳಗೆ ಬೆರಳು ಸಿಕ್ಕಿಸುವ ಕೊಕ್ಕೆಯಿರುತ್ತದೆ. ಒಂದರ ರೀಲನ್ನು ಇನ್ನೊಂದಕ್ಕೆ ಹಾಕಬಾರದು.

ಅಂಗಡಿಯಲ್ಲಿ ಪರೀಕ್ಷೆ

ಕೊಳ್ಳುವ ಮೊದಲು ಕೋಲಿಗೆ ರೀಲನ್ನು ಜೋಡಿಸಿ, ರೀಲಿನ ತುಸು ಮುಂದೆ ಒಂದು ಬೆರಳಿನ ಮೇಲೆ ತೂಗಿಸಬೇಕು. ತುದಿ ದಬಕ್ಕನೆ ಕೆಳಗೆ ವಾಲಿದರೆ ಅರ್ಧ ದಿನದಲ್ಲಿ ಮಣಿಕಟ್ಟು ಸೋಲುತ್ತದೆ. ಪ್ರತಿ ಉಂಗುರದೊಳಗೂ ಹತ್ತಿಯನ್ನು ತೂರಿಸಿ ಎಳೆದರೆ ಕಣ್ಣಿಗೆ ಕಾಣದ ಬಿರುಕಿನಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಇನ್ನೊಬ್ಬರು ತುದಿಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಕಣ್ಣು ಮುಚ್ಚಿ ಹಿಡಿದ ಕೈಗೆ ಅದು ತಿಳಿಯಬೇಕು. ಬಸ್ಸಿನಲ್ಲಿ, ಬೈಕಿನಲ್ಲಿ ಓಡಾಡುವವರಿಗೆ ಎರಡು ತುಂಡಿನ ಕೋಲು ಅನುಕೂಲ. ಜೋಡಣೆಯಲ್ಲಿ ಅಲುಗಾಟ ಇರಬಾರದು. ದೂರದರ್ಶಕದಂತೆ ಒಂದರೊಳಗೊಂದು ಸೇರುವ ಕೋಲು ಚೀಲಕ್ಕೆ ಹಿಡಿಸುತ್ತದೆ, ಜಿಗ್‌ಗೆ ಬೇಕಾದ ಬಿರುಸು ಅದರಲ್ಲಿ ಸಿಗುವುದು ಕಷ್ಟ.

ನೀರಿನ ಹಕ್ಕು, ಮೀನಿನ ಕಾಲ

ಕೋಲು ಎಷ್ಟೇ ಒಳ್ಳೆಯದಿರಲಿ, ನೀರು ಯಾರದು ಎಂದು ಕೇಳಿ ತಿಳಿದೇ ಗಾಳ ಹಾಕಬೇಕು. ಜಲಾಶಯ ಮತ್ತು ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆ ಅಥವಾ ಪರವಾನಗಿಯ ಮೂಲಕ ಕೊಡುವುದು ರೂಢಿ. ತೋಟದ ಕೆರೆಗೆ ತೋಟದವರ ಒಪ್ಪಿಗೆ ಬೇಕು. ಆನೆಗಳು ಓಡಾಡುವ ಈ ಸೀಮೆಯಲ್ಲಿ ಕತ್ತಲಾದ ಮೇಲೆ ದಡದಲ್ಲಿ ಉಳಿಯಬಾರದು.

ಮಳೆಗಾಲದಲ್ಲಿ ಮರಲ್ ಮರಿ ಮಾಡುತ್ತದೆ. ಕೆಂಪು ಬಣ್ಣದ ನೂರಾರು ಮರಿಗಳು ಮುದ್ದೆಯಾಗಿ ನೀರಿನ ಮೇಲ್ಪದರದಲ್ಲಿ ಸುಳಿಯುವಾಗ ತಾಯಿ–ತಂದೆ ಮೀನು ಕೆಳಗೇ ಕಾವಲಿರುತ್ತವೆ. ಅಲ್ಲಿಗೆ ಏನು ಬಿದ್ದರೂ ಅವು ಮೇಲೆರಗುವುದರಿಂದ ಗಾಳಕ್ಕೆ ಸುಲಭವಾಗಿ ಬೀಳುತ್ತವೆ. ಕಾವಲು ತಪ್ಪಿದ ಮರಿಗಳು ಉಳಿದ ಮೀನುಗಳ ಪಾಲಾಗುತ್ತವೆ. ಮರಿಮುದ್ದೆ ಕಂಡಲ್ಲಿ ಕೋಲು ಎತ್ತದಿರುವುದೇ ಸರಿ. ಮಶೀರ್ ಎಂಬ ಮೀನು ಸಿಕ್ಕರೆ ನೀರಿನಲ್ಲಿಯೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಬೇಕು. ಕಾವೇರಿ ಸೀಮೆಯ ಡುಬ್ಬದ ಮಶೀರ್ ಅಳಿವಿನ ತುದಿಯಲ್ಲಿದೆ.

ಜೋಪಾನ

ಹಿಡಿದ ಮೀನನ್ನು ಕೋಲಿನಿಂದಲೇ ಎತ್ತಿ ದಡಕ್ಕೆ ಹಾಕಬಾರದು, ಕೈಬಲೆಯಿಂದ ಎತ್ತಬೇಕು. ಕೋಲನ್ನು ನೆಟ್ಟಗೆ ನಿಲ್ಲಿಸಿ ಜಗ್ಗಿದಾಗ ಭಾರವೆಲ್ಲ ತೆಳು ತುದಿಗೆ ಬಂದು ಅದು ಮುರಿಯುತ್ತದೆ. ಮನೆಗೆ ಬಂದ ಮೇಲೆ ಕೆಸರನ್ನು ಸಿಹಿನೀರಿನಲ್ಲಿ ತೊಳೆದು, ಉಂಗುರದ ಬುಡಗಳನ್ನು ಬಟ್ಟೆಯಲ್ಲಿ ಒರೆಸಬೇಕು. ಮೆದು ಪ್ಲಾಸ್ಟಿಕ್ ಎರೆಗಳನ್ನು ಬೇರೆ ಡಬ್ಬಿಯಲ್ಲಿಡಬೇಕು. ಅವುಗಳಲ್ಲಿರುವ ಎಣ್ಣೆಯು ಬಣ್ಣ ಬಳಿದ ಮೇಲ್ಮೈಯನ್ನೂ ಬೇರೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯ ಚೀಲದೊಳಗೆ ಒದ್ದೆ ಕೋಲು ಇಟ್ಟರೆ ಬೆಂಡಿನ ಹಿಡಿಗೆ ಬೂಸು ಹಿಡಿಯುತ್ತದೆ. ಒಣಗಿಸಿ, ಗೋಡೆಗೆ ಒರಗಿಸದೆ, ಎರಡು ಮೊಳೆಗಳ ಮೇಲೆ ಅಡ್ಡಲಾಗಿ ಮಲಗಿಸಿಟ್ಟ ಕೋಲು ಮಳೆಗಾಲ ಕಳೆದು ನೀರು ತಿಳಿಯಾಗುವಾಗ ಸೊಟ್ಟವಾಗದೆ ಕೈಗೆ ಬರುತ್ತದೆ.