ಶೀತದಲ್ಲಿ ಕೊಳವೆಮಾರ್ಗದ ಉಕ್ಕಿನ ದೃಢತೆ

ಲೋಹವೊಂದು ಮುರಿಯುವ ಮೊದಲು ಹೀರಿಕೊಳ್ಳಬಲ್ಲ ಶಕ್ತಿಯ ಪ್ರಮಾಣವನ್ನು ದೃಢತೆ ಎನ್ನುತ್ತಾರೆ. ತೈಲ ಮತ್ತು ನೈಸರ್ಗಿಕ ಅನಿಲವನ್ನು ಸಾಗಿಸುವ ಕೊಳವೆಗಳ ಉಕ್ಕಿನಲ್ಲಿ ಉಷ್ಣತೆ ಇಳಿದಂತೆ ಈ ಗುಣ ಕುಗ್ಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಹಿಗ್ಗಿ, ಬಾಗಿ, ಬಳಿಕವಷ್ಟೇ ಹರಿಯುವ ಉಕ್ಕು ತೀವ್ರ ಚಳಿಯಲ್ಲಿ ಗಾಜಿನಂತೆ ಥಟ್ಟನೆ ಸೀಳಬಹುದು. ಬೆಸುಗೆ ಹಾಕಿದ ಭಾಗಗಳಲ್ಲಿ ಈ ಅಪಾಯ ಹೆಚ್ಚು.

ಕಾರಣ

ಕೊಳವೆಯ ಉಕ್ಕಿನ ಬಹುಭಾಗವು ಫೆರೈಟ್ ಎಂಬ ಸ್ಫಟಿಕರೂಪದಲ್ಲಿರುತ್ತದೆ. ಬಲ ಬಿದ್ದಾಗ ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದರಿಂದ ಲೋಹವು ಮುರಿಯದೆ ಆಕಾರ ಬದಲಿಸುತ್ತದೆ. ಈ ಜಾರುವಿಕೆಗೆ ಉಷ್ಣದ ನೆರವು ಬೇಕು. ಉಷ್ಣತೆ ಇಳಿದಾಗ ಜಾರಲು ಬೇಕಾದ ಬಲ ಏರುತ್ತದೆ. ಕೊನೆಗೆ ಪದರಗಳು ಜಾರುವ ಮೊದಲೇ ಸ್ಫಟಿಕವು ಸೀಳುತ್ತದೆ. ಈ ಬದಲಾವಣೆಯ ಹಂತಕ್ಕೆ ತನ್ಯ-ಭಿದುರ ಸಂಕ್ರಮಣ ಉಷ್ಣತೆ ಎಂದು ಹೆಸರು. ನಿಕಲ್ ಹೆಚ್ಚಿರುವ ಆಸ್ಟೆನೈಟ್ ಉಕ್ಕುಗಳಲ್ಲಿ ಇಂತಹ ಹಠಾತ್ ಬದಲಾವಣೆ ಇಲ್ಲದ ಕಾರಣ, ಸುಮಾರು −162 °ಸೆ. ಉಷ್ಣತೆಯ ದ್ರವೀಕೃತ ನೈಸರ್ಗಿಕ ಅನಿಲಕ್ಕೆ ಅವುಗಳನ್ನು ಬಳಸುತ್ತಾರೆ.

ಬೆಸುಗೆಯ ವಲಯ

ಬೆಸುಗೆಯ ಅಂಚಿನಲ್ಲಿ ಕರಗದೆ ಕೇವಲ ಕಾದ ಕಿರಿದಾದ ಪಟ್ಟಿಯನ್ನು ಶಾಖಪ್ರಭಾವಿತ ವಲಯ ಎನ್ನುತ್ತಾರೆ. ಇಲ್ಲಿ ಸ್ಫಟಿಕ ಕಣಗಳು ದಪ್ಪವಾಗಿ ಬೆಳೆಯುತ್ತವೆ. ಬೇಗನೆ ತಣಿದರೆ ಮಾರ್ಟೆನ್ಸೈಟ್ ಎಂಬ ಗಡಸು, ಭಿದುರ ರೂಪ ಉಂಟಾಗುತ್ತದೆ. ತೇವಗೊಂಡ ಎಲೆಕ್ಟ್ರೋಡ್‌ನಿಂದ ಸೇರುವ ಹೈಡ್ರೋಜನ್ ಹಾಗೂ ತಣಿಯುವಾಗ ಉಳಿಯುವ ಒಳಬಿಗಿತ ಬಿರುಕಿಗೆ ದಾರಿ ಮಾಡಿಕೊಡುತ್ತವೆ.

ಇತಿಹಾಸ

1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ, ಬೆಸುಗೆಯಿಂದ ಕಟ್ಟಿದ ಸ್ಕೆನೆಕ್ಟಡಿ ಎಂಬ ತೈಲಹಡಗು ಶಾಂತ ನೀರಿನಲ್ಲಿ ನಿಂತಿದ್ದಂತೆಯೇ ಬಿರಿಯಿತು. ಆ ಕಾಲದ ಇಂತಹ ಹಡಗುಗಳನ್ನು ಅಧ್ಯಯನ ಮಾಡಿದ ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್, ಚಳಿಯಲ್ಲಿ ಉಕ್ಕು ಭಿದುರವಾಗುವುದೇ ಮುಖ್ಯ ಕಾರಣವೆಂದು ತೋರಿಸಿದರು. ರಿವೆಟ್ ಹಾಕಿದ ಹಡಗಿನಲ್ಲಿ ಬಿರುಕು ತಗಡಿನ ಅಂಚಿನಲ್ಲಿ ನಿಲ್ಲಬಹುದಿತ್ತು. ಬೆಸೆದ ಹಡಗಿನಲ್ಲಿ ಅದಕ್ಕೆ ತಡೆಯಿರಲಿಲ್ಲ.

ಬೆಸೆದ ಕೊಳವೆಮಾರ್ಗವೂ ಹಾಗೆಯೇ ಅಖಂಡವಾದುದು. ಅನಿಲದ ಒತ್ತಡ ಇಳಿಯುವ ವೇಗಕ್ಕಿಂತ ಭಿದುರ ಬಿರುಕು ವೇಗವಾಗಿ ಓಡುವುದರಿಂದ ಅದರ ತುದಿಯಲ್ಲಿ ಒತ್ತಡ ಉಳಿದೇ ಇರುತ್ತದೆ. 1960ರಲ್ಲಿ ಅಮೆರಿಕದ ಅನಿಲ ಕೊಳವೆಯೊಂದರಲ್ಲಿ ಬಿರುಕು ಸುಮಾರು 13 ಕಿ.ಮೀ. ದೂರ ಓಡಿತು.

ಪರೀಕ್ಷೆಗಳು

ಫ್ರಾನ್ಸಿನ ಜಾರ್ಜ್ ಷಾರ್ಪಿಯವರ ಹೆಸರಿನ ಆಘಾತ ಪರೀಕ್ಷೆಯಲ್ಲಿ 10×10×55 ಮಿ.ಮೀ. ಅಳತೆಯ ಮಾದರಿಗೆ ಸಾಮಾನ್ಯವಾಗಿ 2 ಮಿ.ಮೀ. ಆಳದ ವಿ ಆಕಾರದ ಕಚ್ಚು ಹಾಕಿ, ತಣಿಸಿ, ಲೋಲಕದ ಸುತ್ತಿಗೆಯಿಂದ ಮುರಿಯುತ್ತಾರೆ. ಹೀರಿಕೊಂಡ ಶಕ್ತಿಯನ್ನು ಜೂಲ್‌ಗಳಲ್ಲಿ ಅಳೆಯಲಾಗುತ್ತದೆ. ಬೆಸುಗೆಯ ಲೋಹ ಮತ್ತು ಶಾಖಪ್ರಭಾವಿತ ವಲಯಗಳಿಂದ ಪ್ರತ್ಯೇಕ ಮಾದರಿಗಳನ್ನು ತೆಗೆಯುತ್ತಾರೆ. ತೂಕ ಬೀಳಿಸಿ ಹರಿಯುವ ಮತ್ತೊಂದು ಪರೀಕ್ಷೆಯಲ್ಲಿ ಕೊಳವೆಯ ಪೂರ್ಣ ದಪ್ಪದ ತುಂಡನ್ನು ಮುರಿದು, ಮುರಿದ ಮೈಯಲ್ಲಿ ತನ್ಯ ಭಾಗವೆಷ್ಟೆಂದು ನೋಡುತ್ತಾರೆ. ಸಾಮಾನ್ಯ ಮಿತಿ 85%.

ನಿವಾರಣೆ

ಇಂಗಾಲ ಮತ್ತು ಗಂಧಕವನ್ನು ತಗ್ಗಿಸಿ, ನಿಯೋಬಿಯಂ, ವೆನೇಡಿಯಂ ಅಥವಾ ಟೈಟಾನಿಯಂ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿ, ನಿಯಂತ್ರಿತ ಉಷ್ಣತೆಯಲ್ಲಿ ತಗಡನ್ನು ಉರುಳಿಸಿದರೆ ಸ್ಫಟಿಕ ಕಣಗಳು ಸಣ್ಣದಾಗುತ್ತವೆ. ಬಲ ಮತ್ತು ದೃಢತೆ ಎರಡನ್ನೂ ಒಟ್ಟಿಗೆ ಹೆಚ್ಚಿಸುವ ಉಪಾಯವಿದು. ಬೆಸೆಯುವ ಮೊದಲು ಕೊಳವೆಯ ತುದಿಗಳನ್ನು ಕಾಯಿಸುವುದು, ಒಣಗಿಸಿದ ಕಡಿಮೆ ಹೈಡ್ರೋಜನ್ ಎಲೆಕ್ಟ್ರೋಡ್ ಬಳಸುವುದು ಹಾಗೂ ಶಾಖದ ಪ್ರಮಾಣವನ್ನು ಮಿತಿಯಲ್ಲಿಡುವುದು ಕ್ಷೇತ್ರದಲ್ಲಿನ ಕ್ರಮಗಳು.

1977ರಲ್ಲಿ ಆರಂಭವಾದ, ಸುಮಾರು 1,287 ಕಿ.ಮೀ. ಉದ್ದದ ಅಲಾಸ್ಕಾ ಕೊಳವೆಮಾರ್ಗದ ಹಾದಿಯಲ್ಲಿರುವ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲಿ 1971ರಲ್ಲಿ −62 °ಸೆ. ದಾಖಲಾಗಿತ್ತು. ಹರಿಯುವ ಬಿಸಿ ಕಚ್ಚಾತೈಲ ಕೊಳವೆಯನ್ನು ಬೆಚ್ಚಗಿಡುತ್ತದೆ. ಹರಿವು ನಿಂತರೆ ಉಕ್ಕು ತಣಿಯುತ್ತದೆ. ಆದ್ದರಿಂದ ಶೀತಪ್ರದೇಶದ ಕೊಳವೆಗೆ ಉಕ್ಕನ್ನು ಆಯುವಾಗ ಸಾಮಾನ್ಯ ಉಷ್ಣತೆಯಲ್ಲದೆ ಕನಿಷ್ಠ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.