ಕೊಳ್ಳುವವನ ಮೌನ

2021ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ವೃದ್ಧ ದಂಪತಿ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿದ್ದ ಮರದ ಮುಖವಾಡವೊಂದನ್ನು ಹಳೇ ಸಾಮಾನಿನ ವ್ಯಾಪಾರಿಗೆ 150 ಯೂರೊಗೆ ಕೊಟ್ಟರು. ಅದು ಗ್ಯಾಬೊನ್‌ನ ಫಾಂಗ್ ಜನರ ಅಪರೂಪದ ಮುಖವಾಡ. ವಸಾಹತು ಅಧಿಕಾರಿಯಾಗಿದ್ದ ಗಂಡನ ಅಜ್ಜ ಆಫ್ರಿಕದಿಂದ ತಂದದ್ದು. ವ್ಯಾಪಾರಿ ಅದನ್ನು ಅಂಗಡಿಯಲ್ಲಿ ಇಡಲಿಲ್ಲ, ಪರಿಣತರಿಗೆ ತೋರಿಸಿದ. 2022ರ ಮಾರ್ಚ್‌ನಲ್ಲಿ ಮಾಂಪೆಲಿಯೆ ಹರಾಜಿನಲ್ಲಿ ಅದು 42 ಲಕ್ಷ ಯೂರೊಗೆ ಹೋಯಿತು. ದಂಪತಿಗೆ ವಿಷಯ ಗೊತ್ತಾದದ್ದು ಪತ್ರಿಕೆ ಓದಿ. ದಾವೆ ಹೂಡಿದರು, ಸೋತರು. ಮಾರುವ ಮುಂಚೆ ಬೆಲೆ ವಿಚಾರಿಸಬೇಕಾದವರು ನೀವೇ ಎಂದಿತು ಅಲೆಸ್ ನ್ಯಾಯಾಲಯ. ಮುಖವಾಡ ತನಗೆ ಮರಳಬೇಕೆಂದ ಗ್ಯಾಬೊನ್ ಸರ್ಕಾರದ ಅರ್ಜಿಯೂ ಬಿದ್ದುಹೋಯಿತು. ಅಜ್ಜ ಅಲ್ಲಿ ಎಷ್ಟು ಕೊಟ್ಟು ತಂದನೋ, ಆ ಲೆಕ್ಕ ಬೇರೆ.

ನಮ್ಮ ಕಾನೂನೂ ಹೆಚ್ಚುಕಡಿಮೆ ಹೀಗೇ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೀ ಮೌನ ವಂಚನೆಯಲ್ಲ. ಅದು ಕೊಡುವ ಉದಾಹರಣೆಗಳು ಸ್ವಾರಸ್ಯವಾಗಿವೆ. ಕುದುರೆಗೆ ಐಬಿದೆಯೆಂದು ಗೊತ್ತಿದ್ದೂ ಸುಮ್ಮನೆ ಹರಾಜು ಹಾಕಿದರೆ ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಪ್ತ ವಯಸ್ಕಳಾದ ಸ್ವಂತ ಮಗಳಾದರೆ? ಹೇಳಲೇಬೇಕು. 'ನೀವು ಅಲ್ಲವೆನ್ನದಿದ್ದರೆ ಐಬಿಲ್ಲ ಅಂದುಕೊಳ್ಳುತ್ತೇನೆ' ಎಂದು ಕೊಳ್ಳುವವನೇ ಅಂದಮೇಲೆ ಸುಮ್ಮನಿದ್ದರೆ, ಆ ಮೌನವೂ ಮಾತೇ.

ಈ ವ್ಯತ್ಯಾಸ ಕೊಳ್ಳುವವನಿಗೂ ಸಲ್ಲಬೇಕು. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಗುಜರಿ ರಾಶಿಯಿಂದ ಟಿಪ್ಪು ಕಾಲದ ಆನೆ ಕಾಸು ಹೆಕ್ಕಿ, ಕೇಳಿದ ರೇಟು ಕೊಟ್ಟು ಹೊರಟವನ ಮೇಲೆ ನನಗೆ ತಕರಾರಿಲ್ಲ. ಗುಜರಿಯವನೂ ವ್ಯಾಪಾರಿಯೇ, ಅವನೂ ತೂಕಕ್ಕೆ ಕೊಂಡು ತಂದವನೇ. ನಾಣ್ಯ ನೋಡಿ ನೋಡಿ ಪಳಗಿದ ಕಣ್ಣಿಗೂ ಕೂಲಿ ಬೇಡವೇ? ಆದರೆ ಹಳ್ಳಿಮನೆಯ ಜಗಲಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, "ಈ ತೂಗುದೀಪಕ್ಕೆ ಎಷ್ಟು ಬರಬಹುದಪ್ಪಾ?" ಎಂದ ಅಜ್ಜಿಗೆ "ಹಿತ್ತಾಳೆ ತೂಕದ ದುಡ್ಡು ಅಷ್ಟೇ ಅಜ್ಜಿ" ಎನ್ನುವವನನ್ನು ಜಾಣ ಎನ್ನಲಾರೆ. ಅವನು ಹೇಳಿದ್ದು ಸುಳ್ಳು. ಅದೂ ತನ್ನನ್ನೇ ನಂಬಿ ಕೇಳಿದವರಿಗೆ.

ನಿಜವಾದ ಬೆಲೆ ಅವನಿಗೂ ಗೊತ್ತಿಲ್ಲವೆನ್ನಿ. ಮಾರಿದ ಮೇಲೆ ಬಂದದ್ದರಲ್ಲಿ ಇಷ್ಟು ಪಾಲು ಎಂದು ಚೀಟಿ ಬರೆದುಕೊಡಬಹುದು. ಫ್ರಾನ್ಸಿನ ವ್ಯಾಪಾರಿಯೂ ಮೂರು ಲಕ್ಷ ಯೂರೊ ಕೊಡಲು ಒಪ್ಪಿದ್ದ, ಗುಟ್ಟು ರಟ್ಟಾದ ಮೇಲೆ.

ಅಟ್ಟ ಖಾಲಿ ಮಾಡುವವರು ಇನ್ನೊಬ್ಬರಿಗೆ ತೋರಿಸದೆ ಮಾರಬೇಡಿ. ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಚಿತ್ರಪಟಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪುರಾತನ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಬಾಗಿಲಿಗೆ ಬಂದ ವ್ಯಾಪಾರಿಯನ್ನು ಮೊದಲು ಅದನ್ನೇ ಕೇಳಿ.