ಮೇಣೆಯೋ, ಬಂಡಿಯೋ?

ಇಂಡಿ ಪಟ್ಟಣದೊಳಗೆ ರೈಲು ಬರುವುದಿಲ್ಲ. ಅದು ನಿಲ್ಲುವುದು ಊರಿನಿಂದ ದೂರದಲ್ಲಿರುವ ‘ಇಂಡಿ ರೋಡ್’ ಎಂಬ ನಿಲ್ದಾಣದಲ್ಲಿ. ಬಸವನ ಬಾಗೇವಾಡಿಯ ಕಥೆಯೂ ಅದೇ. ತೆಲಗಿಯ ಬಳಿಯ ನಿಲ್ದಾಣಕ್ಕೆ ‘ಬಸವನ ಬಾಗೇವಾಡಿ ರೋಡ್’ ಎಂದು ಹೆಸರು. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅಷ್ಟು ಭಾಗ್ಯವೂ ಒದಗಿಲ್ಲ. ರೈಲ್ವೆಯವರು ಹಲಗೆಯ ಮೇಲೆ ‘ರೋಡ್’ ಎಂದು ಬರೆದು, ಮುಂದಿನ ದಾರಿಯನ್ನು ನೀವೇ ನೋಡಿಕೊಳ್ಳಿ ಎಂದು ಹೇಳಿ ಹೋದಂತಿದೆ.

ಇದೇ ಅವಸ್ಥೆ ಹಿಂದೆ ಅಮೆರಿಕದ ಸಣ್ಣ ಊರುಗಳಿಗೂ ಇದ್ದಿತು. ರೈಲಿನಿಂದಿಳಿದ ಮಂದಿಯನ್ನೂ ಅವರ ಗಂಟುಮೂಟೆಗಳನ್ನೂ ಒಟ್ಟಿಗೆ ಊರಿಗೆ ಮುಟ್ಟಿಸಲು ಅಲ್ಲಿ ಒಂದು ಬಗೆಯ ಬಂಡಿ ಹುಟ್ಟಿಕೊಂಡಿತು. ಮೊದಲು ಅದನ್ನು ಕುದುರೆ ಎಳೆಯುತ್ತಿತ್ತು. ಬಳಿಕ ಮೋಟಾರು ಬಂದಿತು, ಮರದ ಗೂಡು ಹೋಗಿ ಉಕ್ಕಿನ ಗೂಡು ಬಂದಿತು. ನಿಲ್ದಾಣದ ಬಂಡಿಯಾದುದರಿಂದ ಅದಕ್ಕೆ ‘ಸ್ಟೇಷನ್ ವ್ಯಾಗನ್’ ಎಂಬ ಹೆಸರು ನಿಂತಿತು. ‘ಸೆಡಾನ್’ ಎಂಬ ಮಾತಿನ ಮೂಲವಾದರೋ ಬೇರೆ. ಯೂರೋಪಿನ ಸಿರಿವಂತರನ್ನು ಆಳುಗಳು ಹೊತ್ತು ನಡೆಯುತ್ತಿದ್ದ ಮುಚ್ಚು ಕುರ್ಚಿಗೆ ಆ ಹೆಸರಿದ್ದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಮೇಣೆ.

ಒಂದು ಮೇಣೆ, ಇನ್ನೊಂದು ಬಂಡಿ. ಮೇಣೆಯಲ್ಲಿ ಕುಳಿತವನ ಘನತೆ ಮುಖ್ಯ; ಬಂಡಿಯಲ್ಲಿ ಹತ್ತಿದವರ ಸಂಖ್ಯೆ ಮುಖ್ಯ. ಇಂದು ಕಾರು ಕೊಳ್ಳಹೊರಟ ಮಧ್ಯಮ ವರ್ಗದ ಗೃಹಸ್ಥನ ಮುಂದೆ ನಿಂತಿರುವ ಪ್ರಶ್ನೆಯೂ ಇದೇ. ಅವನ ಕೈಯಲ್ಲಿರುವುದು ಹಲವು ವರುಷಗಳ ಉಳಿತಾಯ. ಒಮ್ಮೆ ಕೊಂಡದ್ದನ್ನು ಹತ್ತು ವರುಷ ಬಾಳಿಸಬೇಕು. ಆದುದರಿಂದ ಅಂಗಡಿಯ ಗಾಜಿನ ಹೊಳಪಿನಲ್ಲಿ ತೀರ್ಮಾನ ಮಾಡುವುದಕ್ಕಿಂತ ತನ್ನ ಊರಿನ ದಾರಿಯಲ್ಲಿ ನಿಂತು ವಿಚಾರ ಮಾಡುವುದು ಲೇಸು.

ಎರೆನೆಲದ ಪರೀಕ್ಷೆ

ಈ ನಾಲ್ಕು ಪಟ್ಟಣಗಳ ಸುತ್ತಿನ ನೆಲ ಬಹುಮಟ್ಟಿಗೆ ಎರೆಮಣ್ಣು. ಡೋಣಿ ಹರಿದ ವರುಷ ಓಣಿಯೆಲ್ಲ ಜೋಳ ಎಂದು ಹಿರಿಯರು ಹೊಗಳಿದ ನೆಲವಿದು. ಆದರೆ ಬಿಳಿಜೋಳಕ್ಕೆ ತಾಯಿಯಾದ ಈ ಮಣ್ಣು ದಾರಿಗೆ ಮಲತಾಯಿ. ಮಳೆ ಬಿದ್ದಾಗ ಅದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಕೆಲವೇ ವರುಷಗಳಲ್ಲಿ ಅಲೆಯಲೆಯಾಗುತ್ತದೆ. ಸಿಂದಗಿಯ ಮೂಲಕ ಹಾಯುವ 50ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯ ಮಾತು ಬೇರೆ. ಆದರೆ ಹೆದ್ದಾರಿಯನ್ನು ಬಿಟ್ಟು ಹೊಲದ ಕಡೆಗೆ ತಿರುಗಿದೊಡನೆ ಕಾರಿನ ಹೊಟ್ಟೆ ನೆಲಕ್ಕೆ ತಾಗುವುದೋ ಇಲ್ಲವೋ ಎಂಬುದೇ ಮೊದಲ ಚಿಂತೆಯಾಗುತ್ತದೆ.

ಎರಡನೆಯದು ಮನೆಯ ಪರೀಕ್ಷೆ. ಇಲ್ಲಿ ಕಾರು ಒಬ್ಬರ ವಾಹನವಲ್ಲ. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣಬೇಕು. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಬದನೆಯ ಎಣ್ಣೆಗಾಯಿಗಳ ಬುಟ್ಟಿಗಳೂ ಜೊತೆಗೆ ಬರಬೇಕು. ಕೂಡಲಸಂಗಮಕ್ಕೆ ಹೊರಟರೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಎಲ್ಲರೂ ಸಿದ್ಧ. ಕಾಯಿಲೆಯವರನ್ನು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ಯುವಾಗ ರೋಗಿಯೊಬ್ಬನಾದರೆ ಜೊತೆಗಾರರು ನಾಲ್ವರು. ಒಂದು ಕಾಲದಲ್ಲಿ ಈ ಕೆಲಸವನ್ನೆಲ್ಲ ಕೊಲ್ಲಾರಿ ಬಂಡಿ ಮಾಡುತ್ತಿತ್ತು. ಇಂದು ಕ್ರೂಸರ್, ಟಂಟಂಗಳು ಮಾಡುತ್ತಿವೆ. ಸ್ವಂತ ಕಾರು ಬಂದ ಮೇಲೆಯೂ ಹಬ್ಬದ ದಿನ ಕ್ರೂಸರನ್ನು ಬಾಡಿಗೆಗೆ ಗೊತ್ತುಮಾಡಬೇಕಾಗಿ ಬಂದರೆ ಆ ಕಾರು ತನ್ನ ಕೆಲಸವನ್ನು ಅರ್ಧವೇ ಮಾಡಿತೆಂದು ತಿಳಿಯಬೇಕು.

ಹಿರಿಯರ ಜೋಡಿ

ನಮ್ಮ ದೇಶದಲ್ಲಿ ಸೆಡಾನ್ ಎಂದೊಡನೆ ನೆನಪಾಗುವುದು ಅಂಬಾಸಡರ್ ಮತ್ತು ಫಿಯಟ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡನ್ನು ಆಧರಿಸಿ ಹಿಂದೂಸ್ಥಾನ್ ಮೋಟರ್ಸಿನವರು ಬಂಗಾಳದ ಉತ್ತರಪಾಡಾದಲ್ಲಿ ಕಟ್ಟಿದ ಅಂಬಾಸಡರ್ 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾಯಿತು. ಅದರ 1489 ಸಿ.ಸಿ. ಎಂಜಿನ್ನಿನ ಬಲ ಸುಮಾರು 50 ಅಶ್ವಶಕ್ತಿ. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸಿನವರು ಮುಂಬಯಿಯ ಕುರ್ಲಾದಲ್ಲಿ 1954ರಿಂದ ಫಿಯಟ್ 1100 ಕಾರನ್ನು ತಯಾರಿಸಿದರು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಅದರ ಎಂಜಿನ್ 1089 ಸಿ.ಸಿ., ಬಲ ಸುಮಾರು 40 ಅಶ್ವಶಕ್ತಿ.

ಕಾಗದದ ಮೇಲೆ ಇಬ್ಬರೂ ದುರ್ಬಲರು. ಆದರೂ ಎರೆನೆಲದ ದಾರಿಯಲ್ಲಿ ಅಂಬಾಸಡರ್ ಗೆದ್ದಿತು. ಅದರ ಹಿಂಗಾಲಿಗೆ ಲಾರಿಯಲ್ಲಿರುವಂಥ ಕಮಾನುಪಟ್ಟಿ. ಒಳಗೆ ಮಂಚದಂತಹ ಆಸನಗಳು. ಗೇರಿನ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲಿದ್ದುದರಿಂದ ಮುಂದೆಯೂ ಮೂವರು ಕೂರಬಹುದಾಗಿದ್ದಿತು. ತಲೆಗೆ ಪಟಗ ಸುತ್ತಿದ ಯಜಮಾನರು ಅದನ್ನು ತೆಗೆಯದೆಯೇ ಕೂರುವಷ್ಟು ಎತ್ತರವಿದ್ದಿತು. ಹೆಸರಿಗೆ ಸೆಡಾನ್ ಆದರೂ ದುಡಿಮೆಯಲ್ಲಿ ಅದು ಬಂಡಿಯೇ ಆಗಿದ್ದಿತು. ಫಿಯಟ್ ಚೆಲುವೆ, ಹಿಂಬದಿಯಲ್ಲಿ ಸಣ್ಣ ರೆಕ್ಕೆಗಳಿದ್ದ, ಹಗುರಾದ, ಪಟ್ಟಣಕ್ಕೆ ಹೇಳಿಮಾಡಿಸಿದ ಗಾಡಿ. ಅಂದು ಐಚ್ಛಿಕ ಸೌಕರ್ಯಗಳ ಮಾತೇ ಇರಲಿಲ್ಲ. ಬಣ್ಣವನ್ನು ಆರಿಸಿಕೊಂಡು ವರುಷಗಟ್ಟಲೆ ಸರದಿ ಕಾಯುವುದೇ ಗಿರಾಕಿಗಿದ್ದ ಸ್ವಾತಂತ್ರ್ಯ!

ಬಂಡಿ ಏಕೆ ಸೋತಿತು?

ಹಾಗಾದರೆ ನಿಜವಾದ ವ್ಯಾಗನ್ನುಗಳು ನಮ್ಮಲ್ಲಿಗೆ ಬರಲೇ ಇಲ್ಲವೇ? ಬಂದವು. 1960ರ ದಶಕದ ಕೊನೆಯ ಹೊತ್ತಿಗೆ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ತಮ್ಮ ಹೆರಾಲ್ಡ್ ಕಾರಿಗೆ ವ್ಯಾಗನ್ ರೂಪವನ್ನೂ ಕೊಟ್ಟಿದ್ದರು. 1992ರಲ್ಲಿ ಟಾಟಾ ಎಸ್ಟೇಟ್ ಬಂದಿತು, 1948 ಸಿ.ಸಿ. ಡೀಸೆಲ್ ಎಂಜಿನ್, ಉದ್ದನೆಯ ಬೆನ್ನು, ಆ ಕಾಲಕ್ಕೆ ಠೀವಿಯೆನಿಸುವ ನಿಲುವು. ಅನಂತರ ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾದ ಆಕ್ಟೇವಿಯಾ ಕಾಂಬಿ, 2004ರಲ್ಲಿ ಟಾಟಾ ಇಂಡಿಗೊ ಮರೀನಾ. ಒಂದೂ ಬಹುಕಾಲ ನಿಲ್ಲಲಿಲ್ಲ.

ಸೋಲಿಗೆ ಕಾರಣ ಎಂಜಿನ್ನಲ್ಲ. ಇವುಗಳಲ್ಲಿ ಹೆಚ್ಚಿನವುಗಳ ಎಂಜಿನ್ನನ್ನೂ ಗಾಲಿಗಳನ್ನೂ ಹೊಂದಿದ್ದ ಸೆಡಾನುಗಳು ಮಾರಾಟವಾಗುತ್ತಿದ್ದವು. ಜನರ ಕಣ್ಣಿಗೆ ವ್ಯಾಗನ್ ಸರಕಿನ ಗಾಡಿಯಂತೆಯೋ ಆಸ್ಪತ್ರೆಯ ಗಾಡಿಯಂತೆಯೋ ಕಂಡಿತು. ಮದುವಣಿಗನನ್ನು ಅದರಲ್ಲಿ ಕೂರಿಸಿ ಮೆರವಣಿಗೆ ಮಾಡಲು ಯಾರು ಒಪ್ಪಿಯಾರು? ಹಿಂದೆ ಡಿಕ್ಕಿ ಚಾಚಿಕೊಂಡಿದ್ದರೇ ಕಾರು ಎಂಬ ಭಾವನೆ ಬೇರೂರಿಬಿಟ್ಟಿದ್ದಿತು.

ಅದಕ್ಕೆ ಸರ್ಕಾರದ ತೆರಿಗೆಯೂ ಕೈಗೂಡಿಸಿತು. 2006ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ತಯಾರಕರು ಕತ್ತರಿ ಹಿಡಿದು ಸೆಡಾನಿನ ಬಾಲವನ್ನು ನಾಲ್ಕು ಮೀಟರಿನೊಳಗೆ ಮೊಟಕುಗೊಳಿಸಿದರು. ಆ ಅಳತೆಯೊಳಗೆ ಮನೆಮಂದಿಯನ್ನೆಲ್ಲ ಹಿಡಿಸುವ ವ್ಯಾಗನ್ ಮಾಡುವುದು ಸುಲಭವಲ್ಲ. ಈ ಗೆರೆ ಇನ್ನೂ ಅಳಿದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿ ಗೆರೆಯೊಳಗಿನ ಸಣ್ಣ ಕಾರಿಗೆ ಶೇಕಡಾ 18, ಗೆರೆ ದಾಟಿದ್ದಕ್ಕೆ ಶೇಕಡಾ 40.

ಆದರೂ ಅಗತ್ಯವೆಂಬುದು ಸಾಯುವುದಿಲ್ಲ. ವೇಷ ಬದಲಿಸಿ ಬರುತ್ತದೆ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2012ರಲ್ಲಿ ಮಾರುತಿ ಎರ್ಟಿಗಾ ಬಂದವು. ಮೂರು ಸಾಲು ಆಸನ, ಎತ್ತರದ ಮಾಡು, ಹಿಂದೆ ಮೇಲಕ್ಕೆತ್ತುವ ಬಾಗಿಲು. ‘ಎಂ.ಪಿ.ವಿ.’ ಎಂಬ ಹೊಸ ಹೆಸರಿನ ಕೆಳಗೆ ಹಳೆಯ ಬಂಡಿಯೇ ಬಂದಿತು. ಹೆಸರು ಬದಲಾದೊಡನೆ ಜನ ಅದನ್ನು ಒಪ್ಪಿಕೊಂಡರು.

ಬಲಾಬಲ

ಇನ್ನು ಹೋಲಿಕೆಗೆ ಬರೋಣ. ಸೆಡಾನ್ ಪಕ್ಷದಲ್ಲಿ 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು 2023ರ ಹ್ಯುಂಡೈ ವರ್ನಾ ಇರಲಿ. ಬಂಡಿಯ ಪಕ್ಷದಲ್ಲಿ 2022ರ ಎರ್ಟಿಗಾ ಇರಲಿ.

ಸ್ಲಾವಿಯಾದ ಒಂದು ಲೀಟರಿನ ಟರ್ಬೊ ಎಂಜಿನ್ನಿಗೆ 115 ಅಶ್ವಶಕ್ತಿ. ಒಂದೂವರೆ ಲೀಟರಿನದಕ್ಕೆ 150. ವರ್ನಾದ ಸಾಧಾರಣ ಎಂಜಿನ್ 115, ಟರ್ಬೊ 160. ಎರ್ಟಿಗಾದ 1462 ಸಿ.ಸಿ. ಎಂಜಿನ್ 103. ಹತ್ತು ಹನ್ನೆರಡರ ಅಂತರ ದೊಡ್ಡದಲ್ಲವೆನಿಸಬಹುದು. ಆದರೆ ಹೊರೆಯನ್ನು ಲೆಕ್ಕ ಹಾಕಿ ನೋಡಿ. ಎರಡು ಗಾಡಿಗಳೂ ಖಾಲಿಯಿದ್ದಾಗ ಸುಮಾರು 1.2 ಟನ್ನು ತೂಗುತ್ತವೆ. ಎರ್ಟಿಗಾದಲ್ಲಿ ತಲಾ 60 ಕಿಲೋದ ಏಳು ಮಂದಿಯೂ 80 ಕಿಲೋ ಸಾಮಾನೂ ಸೇರಿದರೆ ಒಟ್ಟು 1.7 ಟನ್ನು, ಟನ್ನಿಗೆ ದೊರೆಯುವುದು ಸುಮಾರು 60 ಅಶ್ವಶಕ್ತಿ. ಸ್ಲಾವಿಯಾದಲ್ಲಿ ಐವರೂ 100 ಕಿಲೋ ಸಾಮಾನೂ ಇದ್ದರೆ 1.6 ಟನ್ನು; ಟನ್ನಿಗೆ ಸುಮಾರು 72.

ನಮ್ಮ ಸೀಮೆಯಲ್ಲಿ ಘಾಟಿಗಳಿಲ್ಲ. ಅಷ್ಟು ಬಲವೇಕೆ ಎಂದು ಕೇಳಬಹುದು. ಕಬ್ಬಿನ ಕಾಲದಲ್ಲಿ ಎರಡು ಟ್ರೇಲರು ಕಟ್ಟಿಕೊಂಡು ತೆವಳುವ ಟ್ರ್ಯಾಕ್ಟರನ್ನು ದಾಟುವಾಗ ಉತ್ತರ ಸಿಗುತ್ತದೆ. ಎದುರಿನ ಲಾರಿ ಬರುವ ಮೊದಲು ಮುಂದೆ ಸಾಗಬೇಕು. ಅಲ್ಲಿ ಬೇಕಾದುದು ಗಾಲಿಯನ್ನು ತಿರುಚುವ ಎಳೆತ, ಅಂದರೆ ಟಾರ್ಕ್. ಸ್ಲಾವಿಯಾದ ಸಣ್ಣ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ 178 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಎರ್ಟಿಗಾ ತನ್ನ 137ನ್ನು ಮುಟ್ಟುವುದು ಎಂಜಿನ್ ವೇಗವಾಗಿ ತಿರುಗಿದಾಗ. ತುಂಬಿದ ಬಂಡಿಯ ಚಾಲಕನು ಗೇರನ್ನು ಇಳಿಸಬೇಕು, ತಾಳ್ಮೆಯನ್ನು ಏರಿಸಬೇಕು. ಬಲದ ವಿಷಯದಲ್ಲಿ ಮೇಣೆಗೇ ಜಯ.

ಸ್ಥಳದ ವಿಷಯದಲ್ಲಿ ನಿರ್ಣಯ ಅಷ್ಟು ಸರಳವಲ್ಲ. ವರ್ನಾದ ಡಿಕ್ಕಿ 528 ಲೀಟರು, ಸ್ಲಾವಿಯಾದ್ದು 521. ಎರ್ಟಿಗಾದ ಮೂರನೆಯ ಸಾಲಿನಲ್ಲಿ ಜನರಿದ್ದರೆ ಅದರ ಹಿಂದೆ ಉಳಿಯುವುದು ಬರೇ 209 ಲೀಟರು. ಆ ಸಾಲನ್ನು ಮಡಚಿದರೆ 550. ಅಂದರೆ ಬಂಡಿಯು ಜನರನ್ನೋ ಸಾಮಾನನ್ನೋ ಹೊರುತ್ತದೆ. ಎರಡನ್ನೂ ಪೂರ್ತಿಯಾಗಿ ಹೊರುವುದಿಲ್ಲ. ಸೆಡಾನಿನಲ್ಲಿ ಡಿಕ್ಕಿ ಪ್ರತ್ಯೇಕವಾಗಿರುವುದರಿಂದ ಲಿಂಬೆಯ ಚೀಲದ ಧೂಳೂ ಬುತ್ತಿಯ ವಾಸನೆಯೂ ಒಳಗೆ ಬಾರವು. ಹಠಾತ್ತನೆ ಬ್ರೇಕು ಒತ್ತಿದಾಗ ಹಿಂದಿನ ಸಾಮಾನು ಕುಳಿತವರ ತಲೆಗೆ ಬಡಿಯದು. ಆದುದರಿಂದ ವ್ಯಾಗನ್ನಿನಲ್ಲಿ ಭಾರದ ಸಾಮಾನನ್ನು ಕೆಳಗಿಟ್ಟು ಕಟ್ಟುವುದು ಅಗತ್ಯ.

ಸೌಕರ್ಯವೂ ಸೊಬಗೂ

ಕಾರಿನ ಪಟ್ಟಿಯಲ್ಲಿ ಇಂದು ನೂರೆಂಟು ಸೌಕರ್ಯಗಳಿವೆ. ಆಕಾಶ ತೋರಿಸುವ ಮಾಡಿನ ಕಿಟಕಿಗೆ ಮರುಳಾಗುವವರು ಬಹಳ. ಏಪ್ರಿಲ್ ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಅದನ್ನು ತೆರೆಯುವವರಾರು? ಅದಕ್ಕಿಂತ ಹಿಂದಿನ ಸಾಲಿಗೆ ತಂಪುಗಾಳಿ ತಲಪುವ ವ್ಯವಸ್ಥೆ ದೊಡ್ಡದು. 2022ರ ಎರ್ಟಿಗಾದಲ್ಲಿ ಅದು ಮಾಡಿನಿಂದಲೇ ಬರುತ್ತಿತ್ತು. ಮೊಣಕಾಲು ನೋವಿನ ಅಜ್ಜಿ ಸೆಡಾನಿನ ತಗ್ಗು ಆಸನಕ್ಕೆ ಇಳಿಯಬೇಕು, ಮತ್ತೆ ಏಳುವಾಗ ಕೈಯಾಸರೆ ಬೇಕು. ಬಂಡಿಯ ಆಸನಕ್ಕೆ ಆಕೆ ಇಲ್ಲಕಲ್ಲ ಸೀರೆಯ ನಿರಿಗೆ ಕೆಡದಂತೆ ಸರಿದು ಕೂರುತ್ತಾಳೆ.

ಚೆಲುವಿನಲ್ಲಿ ಮಾತ್ರ ಸೆಡಾನಿಗೆ ಸಾಟಿಯಿಲ್ಲ. ವರ್ನಾದ ಮುಖದ ಅಗಲಕ್ಕೂ ಹರಿಯುವ ಬೆಳಕಿನ ಪಟ್ಟಿ, ಸ್ಲಾವಿಯಾದ ಮಾಡಿನಿಂದ ಡಿಕ್ಕಿಯವರೆಗೆ ಇಳಿಯುವ ಗೆರೆ, ಇವು ಮದುವೆಯ ಹೂಮಾಲೆಗೇ ಹುಟ್ಟಿದಂತಿವೆ. ಆದರೆ ಆ ಇಳಿಯುವ ಗೆರೆಯ ಕೆಳಗೇ ಪಟಗ ಸುತ್ತಿದ ಮಾವನವರ ತಲೆ ಇರುತ್ತದೆ ಎಂಬುದನ್ನು ಮರೆಯಬಾರದು. ಅಂಗಡಿಗೆ ಹೋಗುವಾಗ ಅವರನ್ನೂ ಕರೆದೊಯ್ದು ಹಿಂದೆ ಕೂರಿಸಿ ನೋಡುವುದು ಯಾವ ಅಳತೆಪಟ್ಟಿಗಿಂತಲೂ ಮೇಲು.

ಪ್ರಾಣದ ಬೆಲೆ

ಎಲ್ಲಕ್ಕಿಂತ ಮೇಲಾದ ಸೌಕರ್ಯವೊಂದಿದೆ, ಅದು ಪ್ರಾಣರಕ್ಷಣೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಕಾರುಗಳನ್ನು ಢಿಕ್ಕಿ ಹೊಡೆಸಿ ಮಾಡುವ ಪರೀಕ್ಷೆಯಲ್ಲಿ 2023ರಲ್ಲಿ ಸ್ಲಾವಿಯಾವೂ ವರ್ನಾವೂ ಐದು ನಕ್ಷತ್ರ ಗಳಿಸಿದವು. ಎರ್ಟಿಗಾಕ್ಕೆ 2019ರಲ್ಲಿ ಮೂರು. 2024ರಲ್ಲಿ ಆಫ್ರಿಕದ ಮಾರುಕಟ್ಟೆಗೆಂದು ಭಾರತದಲ್ಲಿ ತಯಾರಾದ ಎರ್ಟಿಗಾಕ್ಕೆ ವಯಸ್ಕರ ರಕ್ಷಣೆಯಲ್ಲಿ ಒಂದೇ. 2025ರಲ್ಲಿ ಭಾರತದ ಎರ್ಟಿಗಾಕ್ಕೆ ಆರು ಏರ್‌ಬ್ಯಾಗುಗಳು ಕಡ್ಡಾಯವಾಗಿ ಬಂದವು, ಇದು ಸ್ವಾಗತಾರ್ಹ. ಆದರೆ ಗಾಳಿಚೀಲ ಹೆಚ್ಚಿದ ಮಾತ್ರಕ್ಕೆ ಗೂಡು ಗಟ್ಟಿಯಾಯಿತೆಂದು ಹೇಳಲಾಗದು.

ಇಲ್ಲಿಯೇ ಗೃಹಸ್ಥನ ಧರ್ಮಸಂಕಟ. ಐವರನ್ನು ಭದ್ರವಾಗಿ ಒಯ್ಯುವ ಮೇಣೆಯೋ, ಏಳು ಮಂದಿಯನ್ನು ಕೂಡಿಸಿ ಒಯ್ಯುವ ಬಂಡಿಯೋ? ಸೆಡಾನ್ ಭದ್ರವೆಂದು ಕೊಂಡು ಅದರಲ್ಲಿಯೇ ಎಂಟು ಜನರನ್ನು ತುರುಕಿದರೆ ಆ ಐದು ನಕ್ಷತ್ರಗಳಿಗೆ ಅರ್ಥವೇ ಉಳಿಯದು. ಮಡಿಲಲ್ಲಿ ಕೂತ ಮಗುವಿಗೆ ಪಟ್ಟಿಯಿಲ್ಲ. ಢಿಕ್ಕಿಯಾದಾಗ ಅದನ್ನು ಹಿಡಿದುಕೊಳ್ಳುವ ಬಲ ಯಾವ ತಾಯಿಯ ತೋಳಿಗೂ ಇಲ್ಲ. ಪಟ್ಟಿ ಕಟ್ಟಿಕೊಂಡ ಏಳು ಮಂದಿಯ ಸಾಧಾರಣ ಬಂಡಿ, ಪಟ್ಟಿ ಕಟ್ಟದ ಎಂಟು ಮಂದಿಯ ಉತ್ತಮ ಮೇಣೆಗಿಂತ ಲೇಸೆಂದೇ ಹೇಳಬೇಕು.

ಆದುದರಿಂದ ಕೊಳ್ಳುವ ಮೊದಲು ಒಂದು ಕಾಗದದ ಮೇಲೆ ಕಳೆದ ವರುಷದ ಪ್ರಯಾಣಗಳನ್ನು ಬರೆದುಕೊಳ್ಳಿ. ಎಷ್ಟು ಸಲ ಐವರೊಳಗೆ ಹೋದಿರಿ? ಎಷ್ಟು ಸಲ ಏಳು ಮಂದಿಯಾದಿರಿ? ಏಳು ಮಂದಿಯ ಪ್ರಯಾಣ ವರುಷಕ್ಕೆ ಮೂರೋ ನಾಲ್ಕೋ ಆಗಿದ್ದರೆ ಗಟ್ಟಿಯಾದ ಸೆಡಾನನ್ನು ಕೊಂಡು, ಆ ಮೂರು ದಿನ ಬಾಡಿಗೆಯ ಗಾಡಿ ಹಿಡಿಯುವುದು ಜಾಣತನ. ತಿಂಗಳಿಗೆ ಎರಡು ಸಲವಾದರೆ ಸಂಕೋಚ ಬೇಡ, ಬಂಡಿಯನ್ನೇ ತನ್ನಿ. ನಡೆಸುವ ವೇಗವನ್ನು ತಗ್ಗಿಸಿ, ಮೂರನೆಯ ಸಾಲಿನವರೂ ಪಟ್ಟಿ ಕಟ್ಟಿಕೊಂಡಿದ್ದಾರೆಯೇ ಎಂದು ತಿರುಗಿ ನೋಡಿ ಹೊರಡಿ. ನೆರೆಯವರು ಏನೆಂದಾರೋ ಎಂಬುದನ್ನು ಮಾತ್ರ ಆ ಕಾಗದದಲ್ಲಿ ಬರೆಯಬೇಡಿ. ಕಂತು ಕಟ್ಟುವವರು ಅವರಲ್ಲ, ನೀವು.